ಯುಎಇ ಶಾಲೆಗಳಿಗೆ ಶಿಕ್ಷಕರಾಗಿ ಹೋಗುವವರು ತಿಳಿದಿರಬೇಕಾದ ವಿಷಯಗಳು

ಕರ್ನಾಟಕದ ಕರಾವಳಿಗೂ ಗಲ್ಫ್ ದೇಶಗಳಿಗೂ ದಶಕಗಳ ನಂಟು. ಮೊದಲು ಹೋದವರು ಹೋಟೆಲ್, ಅಂಗಡಿ, ಕಟ್ಟಡ ನಿರ್ಮಾಣ, ಲೆಕ್ಕಪತ್ರದ ಕೆಲಸಗಳಿಗೆ ಹೋದರು. ಈಗ ಬಿ.ಎಡ್. ಮುಗಿಸಿದ ಯುವತಿಯರು ಮತ್ತು ಯುವಕರು ಶಿಕ್ಷಕರಾಗಿ ಹೊರಡುತ್ತಿದ್ದಾರೆ. ಸಂಯುಕ್ತ ಅರಬ್ ಸಂಸ್ಥಾನ ಅಂದರೆ ಯುಎಇಯಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು ಬಹಳ ಇವೆ. ದುಬೈನ ಇಂಡಿಯನ್ ಹೈಸ್ಕೂಲ್ 1961ರಷ್ಟು ಹಿಂದೆಯೇ ಆರಂಭವಾಯಿತು.

ಮಗಳಿಗೋ ಸೊಸೆಗೋ ಅಲ್ಲಿ ಕೆಲಸ ಸಿಕ್ಕಿತೆಂದಾಗ ಜೈನ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ ಊಟದ್ದು. ನಂತರ ಬಸದಿ ಇದೆಯೇ, ಪರ್ವದ ದಿನ ಏನು ಮಾಡುವುದು ಎಂಬ ಚಿಂತೆ. ಈ ಚಿಂತೆ ತಪ್ಪಲ್ಲ. ಆದರೆ ಅಲ್ಲಿ ಶಿಕ್ಷಕರಿಗೆ ನಿಜವಾಗಿ ಕಷ್ಟ ತರುವುದು ಹೆಚ್ಚಾಗಿ ಊಟವಲ್ಲ. ಓದದೆ ಸಹಿ ಮಾಡಿದ ಒಪ್ಪಂದ ಮತ್ತು ತಿಳಿಯದೆ ಮೀರಿದ ಕಾನೂನು. ವ್ರತವನ್ನು ಕಾಪಾಡಿಕೊಳ್ಳುವಷ್ಟೇ ಎಚ್ಚರಿಕೆಯಿಂದ ಕಾಗದಪತ್ರವನ್ನೂ ನೋಡಿಕೊಂಡರೆ ಅಲ್ಲಿನ ಬದುಕು ಸುಗಮ.

ಹೊರಡುವ ಮುನ್ನ: ದಾಖಲೆಗಳು

ಪದವಿ ಮತ್ತು ಬಿ.ಎಡ್. ಪ್ರಮಾಣಪತ್ರಗಳಿಗೆ ದೃಢೀಕರಣ ಬೇಕು. ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ಭಾರತದ ವಿದೇಶಾಂಗ ಸಚಿವಾಲಯದಲ್ಲಿ, ನಂತರ ಯುಎಇ ರಾಯಭಾರ ಕಚೇರಿಯಲ್ಲಿ, ಕೊನೆಗೆ ಆ ದೇಶದ ವಿದೇಶಾಂಗ ಸಚಿವಾಲಯದಲ್ಲಿ ಮುದ್ರೆ ಬೀಳಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುವುದರಿಂದ ಕೆಲಸ ಸಿಕ್ಕಿದ ಮೇಲೆ ಆರಂಭಿಸಿದರೆ ತಡವಾಗುತ್ತದೆ. ಕಾಲೇಜಿಗೆ ಹೋಗಿ ಕಲಿತದ್ದೋ ದೂರಶಿಕ್ಷಣವೋ ಎಂದು ಕೇಳುವುದೂ ಉಂಟು. ವಿಶ್ವವಿದ್ಯಾಲಯದಿಂದ ಆ ಬಗ್ಗೆ ಒಂದು ಪತ್ರ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಪೊಲೀಸ್ ಇಲಾಖೆಯ ನಿರಾಕ್ಷೇಪಣಾ ಪತ್ರವನ್ನೂ ಕೇಳುತ್ತಾರೆ.

ಕರ್ನಾಟಕದವರಿಗೆ ಇನ್ನೊಂದು ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮಾತ್ರ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು ಇರುತ್ತದೆ. ಒಂದರಲ್ಲಿ 'ಜೈನ್' ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಮದುವೆಯ ನಂತರ ಹೆಸರು ಬದಲಿಸಿದ ಹೆಣ್ಣುಮಕ್ಕಳಿಗೆ ಈ ತೊಂದರೆ ಹೆಚ್ಚು. ಎಲ್ಲ ದಾಖಲೆಗಳನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಬೇಕು.

ಏಜೆಂಟರ ಮೂಲಕ ಹೋಗುವುದಾದರೆ ಅವರು ಭಾರತ ಸರ್ಕಾರದಲ್ಲಿ ನೋಂದಾಯಿತರೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ನೇಮಕಾತಿಯ ಖರ್ಚನ್ನು ನೌಕರರ ತಲೆಗೆ ಕಟ್ಟಬಾರದೆಂದು ಯುಎಇ ಕಾನೂನೂ ಹೇಳುತ್ತದೆ. "ಈಗ ವಿಸಿಟ್ ವೀಸಾದಲ್ಲಿ ಬನ್ನಿ, ಕೆಲಸದ ವೀಸಾ ಆಮೇಲೆ ಮಾಡಿಸೋಣ" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ.

ಒಪ್ಪಂದ ಓದುವ ಬಗೆ

ಯುಎಇಯ ಈಗಿನ ಕಾರ್ಮಿಕ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ ಮುಖ್ಯ ಅಂಶಗಳು ಹೀಗಿವೆ:

- ಪ್ರೊಬೇಷನ್ ಅವಧಿ 6 ತಿಂಗಳು ಮೀರುವಂತಿಲ್ಲ.
- ವಾರಕ್ಕೆ ಗರಿಷ್ಠ 48 ಗಂಟೆ ಕೆಲಸ. ರಂಜಾನ್ ತಿಂಗಳಲ್ಲಿ ದಿನಕ್ಕೆ 2 ಗಂಟೆ ಕಡಿಮೆ. ಉಪವಾಸ ಮಾಡದವರಿಗೂ ಇದು ಅನ್ವಯ.
- ಹೆರಿಗೆ ರಜೆ 60 ದಿನ. ಇದರಲ್ಲಿ 45 ದಿನ ಪೂರ್ಣ ವೇತನ, 15 ದಿನ ಅರ್ಧ ವೇತನ.
- ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಳ್ಳುವಂತಿಲ್ಲ.

ಪ್ರೊಬೇಷನ್ ಸಮಯದಲ್ಲಿ ಕೆಲಸ ಬಿಡುವುದಕ್ಕೂ ಕ್ರಮವಿದೆ. ದೇಶ ಬಿಟ್ಟು ಬರುವುದಾದರೆ 14 ದಿನ ಮುಂಚೆ, ಅಲ್ಲೇ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳು ಮುಂಚೆ ಬರೆದು ತಿಳಿಸಬೇಕು. ಹೇಳದೆ ಹೊರಟುಬಂದರೆ ಒಂದು ವರ್ಷ ಅಲ್ಲಿ ಕೆಲಸದ ಪರವಾನಗಿ ಸಿಗದಿರಬಹುದು. ಮನೆಯ ನೆನಪಾಗಿ ರಜೆಗೆಂದು ಬಂದು ಮರಳದೆ ಉಳಿಯುವವರು ಈ ಅಂಶವನ್ನು ಮರೆಯಬಾರದು.

ಹೆಚ್ಚು ಗಮನ ಕೊಡಬೇಕಾದದ್ದು ಮೂಲ ವೇತನ ಎಷ್ಟು ಎಂಬುದಕ್ಕೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕುವುದಿಲ್ಲ, ಮೂಲ ವೇತನದ ಮೇಲೆ ಹಾಕುತ್ತಾರೆ. ಕನಿಷ್ಠ ಒಂದು ವರ್ಷ ಪೂರ್ತಿ ದುಡಿದವರಿಗೆ ಮೊದಲ 5 ವರ್ಷಗಳಲ್ಲಿ ವರ್ಷಕ್ಕೆ 21 ದಿನದ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ವೇತನ ಸಿಗುತ್ತದೆ. ಉದಾಹರಣೆಗೆ, ಇಬ್ಬರು ಶಿಕ್ಷಕಿಯರಿಗೂ ತಿಂಗಳಿಗೆ 4,000 ದಿರ್ಹಂ ಎಂದಿಟ್ಟುಕೊಳ್ಳೋಣ. ಒಬ್ಬರ ಮೂಲ ವೇತನ 3,000, ಉಳಿದದ್ದು ಭತ್ಯೆ. ಇನ್ನೊಬ್ಬರದು 1,500 ಮಾತ್ರ. ಐದು ವರ್ಷದ ಕೊನೆಗೆ ಮೊದಲನೆಯವರಿಗೆ 10,500 ದಿರ್ಹಂ, ಎರಡನೆಯವರಿಗೆ 5,250 ದಿರ್ಹಂ ಬರುತ್ತದೆ. ಕೆಲಸವೂ ಒಂದೇ, ಪ್ರತಿ ತಿಂಗಳು ಕೈಗೆ ಬರುವ ಹಣವೂ ಒಂದೇ. ಆದರೂ ಕೊನೆಯಲ್ಲಿ ಅರ್ಧಕ್ಕೆ ಅರ್ಧ ವ್ಯತ್ಯಾಸ. ಸಹಿ ಮಾಡುವ ಮೊದಲೇ ಈ ಮಾತು ಆಡಬೇಕು, ಆಮೇಲೆ ಕೇಳಿ ಪ್ರಯೋಜನವಿಲ್ಲ.

ವಸತಿ ಶಾಲೆಯದೋ ಸ್ವಂತದ್ದೋ, ಊರಿಗೆ ಬರುವ ಟಿಕೆಟ್ ಎಷ್ಟು ವರ್ಷಕ್ಕೊಮ್ಮೆ, ಬೇಸಿಗೆ ರಜೆಯ ಸಂಬಳ ಸಿಗುತ್ತದೆಯೇ, ಸ್ವಂತ ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆಯೇ ಎಂಬುದೆಲ್ಲ ಬರವಣಿಗೆಯಲ್ಲಿ ಇರಬೇಕು. ಫೋನಿನಲ್ಲಿ ಕೊಟ್ಟ ಮಾತಿಗೆ ಅಲ್ಲಿ ಬೆಲೆ ಇಲ್ಲ. ಊರಿನಲ್ಲಿ ಸಹಿ ಮಾಡಿದ ಪತ್ರಕ್ಕೂ ಅಲ್ಲಿ ಹೋದ ಮೇಲೆ ಕೊಡುವ ಒಪ್ಪಂದಕ್ಕೂ ತಾಳೆ ನೋಡಿ, ಎರಡರ ಪ್ರತಿಯನ್ನೂ ಮನೆಯವರ ಬಳಿ ಇಡಬೇಕು.

ಪೆಟ್ಟಿಗೆಯಲ್ಲಿ ಇರಬಾರದ ವಸ್ತುಗಳು

ಗಸಗಸೆಯನ್ನು ಯುಎಇಗೆ ಒಯ್ಯುವಂತಿಲ್ಲ. ಅದು ಅಲ್ಲಿ ಮಾದಕ ವಸ್ತುಗಳ ಕಾನೂನಿನಡಿ ನಿಷಿದ್ಧ. ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಡುವ ಮಸಾಲೆ ಪುಡಿಯಲ್ಲಿ ಗಸಗಸೆ ಬೆರೆತಿರಬಹುದು, ಅದನ್ನೂ ಗಮನಿಸಬೇಕು. ವೀಳ್ಯದೆಲೆ, ಪಾನ್ ಸಾಮಗ್ರಿಯೂ ಬೇಡ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೆಲವು ನಿದ್ರೆ ಮಾತ್ರೆಗಳಿಗೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ಪಡೆಯಬೇಕು. ನಿತ್ಯದ ಔಷಧಿಗಳ ಜೊತೆ ವೈದ್ಯರ ಚೀಟಿ ಇರಲಿ.

ಆಹಾರ ಮತ್ತು ರಾತ್ರಿ ಭೋಜನ ತ್ಯಾಗ

ಭಾರತೀಯರು ಲಕ್ಷಗಟ್ಟಲೆ ಇರುವ ದೇಶವಾದ್ದರಿಂದ ಅಕ್ಕಿ, ಬೇಳೆ, ರಾಗಿ, ತರಕಾರಿ ಎಲ್ಲವೂ ದೊರೆಯುತ್ತದೆ. ಕಂದಮೂಲವಿಲ್ಲದ ಅಡುಗೆ ಮನೆಯಲ್ಲಿ ಮಾಡಿಕೊಳ್ಳುವುದು ಕಷ್ಟವಲ್ಲ. ಎಚ್ಚರ ಬೇಕಾದದ್ದು ಪೊಟ್ಟಣದ ತಿನಿಸಿನಲ್ಲಿ. ಬೇರೆ ದೇಶಗಳಿಂದ ಬರುವ ಪೊಟ್ಟಣಗಳ ಮೇಲೆ ಭಾರತದ ಹಸಿರು ಚುಕ್ಕೆ ಇರುವುದಿಲ್ಲ. 'ಹಲಾಲ್' ಎಂಬ ಗುರುತು ಇದ್ದ ಮಾತ್ರಕ್ಕೆ ಅದು ಸಸ್ಯಾಹಾರವೆಂದು ಅರ್ಥವಲ್ಲ. ದನದ ಜೆಲಟಿನ್ ಕೂಡ ಹಲಾಲ್ ಆಗಿರಬಹುದು. ಇ 120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ, ಇ 904 ಎಂದರೆ ಅರಗು. ಇ 471 ಸಸ್ಯದ್ದೂ ಆಗಿರಬಹುದು, ಪ್ರಾಣಿಯದ್ದೂ ಆಗಿರಬಹುದು. ಚೀಸ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್ ಇರುವುದುಂಟು. ಶಾಲೆಯಲ್ಲಿ ಮಕ್ಕಳು ಹುಟ್ಟುಹಬ್ಬಕ್ಕೆ ಹಂಚುವ ಕೇಕ್, ಜೆಲ್ಲಿ ಮಿಠಾಯಿಗಳನ್ನು ನಗುಮುಖದಿಂದ ತೆಗೆದುಕೊಂಡು ಪಕ್ಕಕ್ಕಿಟ್ಟರೆ ಮಗುವಿಗೂ ನೋವಿಲ್ಲ.

ರಾತ್ರಿ ಊಟ ಮಾಡದವರಿಗೆ ಶಿಕ್ಷಕ ವೃತ್ತಿ ಅಲ್ಲಿ ಅನುಕೂಲವೇ. ಶಾಲೆಗಳು ಮುಂಜಾನೆ ಬೇಗ ಆರಂಭವಾಗಿ ಮಧ್ಯಾಹ್ನ ಮುಗಿಯುತ್ತವೆ. ದುಬೈನಲ್ಲಿ ಚಳಿಗಾಲದಲ್ಲಿ ಸೂರ್ಯಾಸ್ತ ಸಂಜೆ 5.30ರ ಸುಮಾರಿಗೆ, ಬೇಸಿಗೆಯಲ್ಲಿ 7.10ರ ಆಸುಪಾಸು. ಬೆಂಗಳೂರಿನ ಕಚೇರಿಯಿಂದ ರಾತ್ರಿ ಎಂಟಕ್ಕೆ ಮನೆ ಸೇರುವವರಿಗಿಂತ ಅಲ್ಲಿನ ಶಿಕ್ಷಕಿಗೆ ಸೂರ್ಯಾಸ್ತದೊಳಗೆ ಊಟ ಮುಗಿಸುವುದು ಸುಲಭ. ಪ್ರಯಾಸವಾಗುವುದು ಪೋಷಕರ ಸಭೆ, ವಾರ್ಷಿಕೋತ್ಸವಗಳ ದಿನ ಮಾತ್ರ. ಆ ದಿನ ಡಬ್ಬಿ ಜೊತೆಗಿರಲಿ.

ಉಪವಾಸ ಎಂದರೇನೆಂದು ಆ ದೇಶದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅವರೂ ಒಂದು ತಿಂಗಳು ನಿಷ್ಠೆಯಿಂದ ಆಚರಿಸುವವರು. ಹಾಗೆಯೇ ರಂಜಾನ್ ದಿನಗಳಲ್ಲಿ ಹಗಲು ಸಾರ್ವಜನಿಕವಾಗಿ, ಉಪವಾಸವಿರುವ ಸಹೋದ್ಯೋಗಿಗಳ ಎದುರು ತಿನ್ನದಿರುವುದು ಗೌರವದ ನಡೆ.

ಪರ್ವ, ಪೂಜೆ ಮತ್ತು ರಜೆ

ಊರೂರಿಗೆ ಬಸದಿ ಅಲ್ಲಿಲ್ಲ. ಮನೆಯಲ್ಲಿ ಜಿನಬಿಂಬದ ಚಿತ್ರವಿಟ್ಟು ಪೂಜೆ, ಸಾಮಾಯಿಕ, ಸ್ವಾಧ್ಯಾಯ ಮಾಡಲು ಅಡ್ಡಿಯಿಲ್ಲ. ಧರ್ಮಪ್ರಚಾರ, ಅನುಮತಿಯಿಲ್ಲದ ಸಾರ್ವಜನಿಕ ಸಭೆ ಮಾಡುವಂತಿಲ್ಲ. ಅಲ್ಲಿನ ಗಡಿಯಾರ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಊರಿನ ಪ್ರವಚನವನ್ನು ಮೊಬೈಲಿನಲ್ಲಿ ಕೇಳುವಾಗ ಲೆಕ್ಕ ನೋಡಿಕೊಳ್ಳಬೇಕು.

ರಜೆಯ ವಿಷಯ ಸ್ವಲ್ಪ ಕಠಿಣ. ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಮಹಾವೀರ ಜಯಂತಿ ಬರುವುದು ಅದೇ ಹೊತ್ತಿಗೆ. ಜುಲೈ, ಆಗಸ್ಟ್ ಬೇಸಿಗೆ ರಜೆ. ಶಾಲೆ ಮತ್ತೆ ತೆರೆದ ಹೊಸದರಲ್ಲೇ ದಶಲಕ್ಷಣ ಪರ್ವ. 2018ರ ಶ್ರವಣಬೆಳಗೊಳದ ಮತ್ತು 2024ರ ವೇಣೂರಿನ ಮಹಾಮಸ್ತಕಾಭಿಷೇಕಗಳು ನಡೆದದ್ದು ಫೆಬ್ರವರಿಯಲ್ಲಿ, ಅಂದರೆ ಪರೀಕ್ಷೆಯ ಕಾಲದಲ್ಲಿ. ಇಂಥ ಸಮಯದಲ್ಲಿ ಶಿಕ್ಷಕರಿಗೆ ರಜೆ ಸಿಗುವುದು ಕಷ್ಟವೆಂದು ಮನೆಯವರು ಮೊದಲೇ ಅರಿತಿರಬೇಕು. "ಹಬ್ಬಕ್ಕೂ ಬರಲಿಲ್ಲ" ಎಂದು ದೂರುವುದರ ಬದಲು, ಮದುವೆ ಮುಂಜಿ, ಪೂಜೆ, ವಿಧಾನಗಳನ್ನು ಸಾಧ್ಯವಾದಷ್ಟು ಜುಲೈ, ಆಗಸ್ಟ್‌ಗೆ ಹೊಂದಿಸಿದರೆ ಮಗಳೂ ಭಾಗವಹಿಸಬಹುದು. ದಿಗ್ವ್ರತ ಸ್ವೀಕರಿಸಿದವರು ಹೊರಡುವ ಮುನ್ನ ಗುರುಗಳಲ್ಲಿ ಕೇಳಿ ತಿಳಿಯಬೇಕು.

ತರಗತಿಯಲ್ಲಿ

ಮಗುವಿಗೆ ಹೊಡೆಯುವುದು ಅಲ್ಲಿ ನಿಷಿದ್ಧ. 2016ರ ಮಕ್ಕಳ ಹಕ್ಕುಗಳ ಕಾನೂನಿನ ಪ್ರಕಾರ, ಮಗುವಿಗೆ ಹಿಂಸೆ ಆಗುತ್ತಿದೆ ಎಂದು ಕಂಡರೆ ತಿಳಿಸುವುದು ಶಿಕ್ಷಕರ ಕರ್ತವ್ಯ. ಕಿವಿ ಹಿಂಡುವುದು, ಎಲ್ಲರೆದುರು ಅವಮಾನಿಸುವುದು ಕೂಡ ದೂರಿಗೆ ಕಾರಣವಾಗಬಹುದು. ಮಾತಿನಲ್ಲೂ ಹಿಂಸೆ ಬೇಡ ಎಂದು ಕಲಿತು ಬೆಳೆದವರಿಗೆ ಇದು ಹೊಸ ಪಾಠವೇನಲ್ಲ. ಉಡುಪು ಸಭ್ಯವಾಗಿರಬೇಕು, ಪೋಷಕರ ಉಡುಗೊರೆಗಳ ವಿಷಯದಲ್ಲಿ ಶಾಲೆಯ ನಿಯಮ ಕೇಳಿ ನಡೆಯಬೇಕು. 2022ರಿಂದ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಶಾರ್ಜಾದಲ್ಲಿ ಶುಕ್ರವಾರವೂ ರಜೆ.

ಮೂರು ಎಚ್ಚರಿಕೆ

ಟ್ಯೂಷನ್: ಸಂಜೆ ಮನೆಯಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳಿ ಹಣ ಪಡೆಯುವುದು ಊರಿನಲ್ಲಿ ಸಹಜ. ಅಲ್ಲಿ ಅದಕ್ಕೆ ಪರವಾನಗಿ ಬೇಕು. 2023ರ ಡಿಸೆಂಬರ್‌ನಿಂದ ಸರ್ಕಾರವೇ ಖಾಸಗಿ ಪಾಠಕ್ಕೆ ಎರಡು ವರ್ಷದ ಉಚಿತ ಪರವಾನಗಿ ನೀಡುತ್ತಿದೆ. ಅದನ್ನು ಪಡೆದೇ ಪಾಠ ಮಾಡಬೇಕು.

ದೇಣಿಗೆ: ಬಸದಿ ಜೀರ್ಣೋದ್ಧಾರ, ಗೋಶಾಲೆ, ಪಂಚಕಲ್ಯಾಣಕ್ಕೆಂದು ಅಲ್ಲಿರುವವರ ಬಳಿ ವಾಟ್ಸಾಪ್ ಗುಂಪಿನಲ್ಲಿ ಹಣ ಸಂಗ್ರಹಿಸುವುದು 2021ರ ದೇಣಿಗೆ ಕಾನೂನಿನ ಪ್ರಕಾರ ಅಪರಾಧ. ಪರವಾನಗಿ ಹೊಂದಿದ ಸಂಸ್ಥೆಗಳಷ್ಟೇ ಸಂಗ್ರಹಿಸಬಹುದು. ಇಲ್ಲಿನ ಸಮಿತಿಗಳವರು "ಅಲ್ಲಿ ನಿಮ್ಮವರಿಂದ ಸ್ವಲ್ಪ ಒಟ್ಟುಮಾಡಿ ಕಳಿಸಿ" ಎಂದು ಶಿಕ್ಷಕರಿಗೆ ಹೇಳಬಾರದು. ಒಳ್ಳೆಯ ಉದ್ದೇಶವೇ ಅವರನ್ನು ದಂಡಕ್ಕೋ ಸೆರೆಮನೆಗೋ ತಳ್ಳಬಹುದು.

ಫೋಟೋ: ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆದು ಹಂಚುವುದು ಅಪರಾಧ. ತರಗತಿಯ ಮಕ್ಕಳ ಚಿತ್ರವನ್ನು ಸ್ಟೇಟಸ್‌ಗೆ ಹಾಕುವಂತಿಲ್ಲ.

ಈ ಮೂರನ್ನೂ ಕೇವಲ ಪರದೇಶದ ಕಟ್ಟಳೆಯೆಂದು ನೋಡಬೇಕಾಗಿಲ್ಲ. ತತ್ತ್ವಾರ್ಥ ಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತೂಕ ಅಳತೆಯ ಮೋಸದ ಜೊತೆಗೆ ವಿರುದ್ಧರಾಜ್ಯಾತಿಕ್ರಮವನ್ನೂ ಸೇರಿಸಿದೆ. ರಾಜ್ಯದ ಕಟ್ಟಳೆ ಮೀರಿ ಗಳಿಸುವುದು ಶ್ರಾವಕನ ವ್ರತಕ್ಕೇ ದೋಷ. ಅನ್ನ ಕೊಡುವ ನೆಲದ ಕಾನೂನು ಪಾಲಿಸುವುದೂ ಧರ್ಮಪಾಲನೆಯೇ.

ಹಣದ ಶಿಸ್ತು

ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಆದರೆ ಪಿಎಫ್, ಪಿಂಚಣಿಯೂ ಇಲ್ಲ. ಆದ್ದರಿಂದ ಉಳಿತಾಯದ ಹೊಣೆ ಪೂರ್ತಿ ಶಿಕ್ಷಕರದೇ. ಅನಿವಾಸಿಯಾದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಬಹುದು. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. 2023ರಿಂದ ಅಲ್ಲಿ ನಿರುದ್ಯೋಗ ವಿಮೆ ಕಡ್ಡಾಯ. ಮೂಲ ವೇತನ 16,000 ದಿರ್ಹಂವರೆಗೆ ಇರುವವರಿಗೆ ತಿಂಗಳಿಗೆ 5 ದಿರ್ಹಂ ಕಂತು. ಇದನ್ನು ಮರೆತರೆ ದಂಡ ಬೀಳುತ್ತದೆ.

ಮಗಳನ್ನು ಕಳಿಸುವ ತಂದೆ ತಾಯಿ "ಅಲ್ಲಿ ಊಟಕ್ಕೇನು?" ಎಂದು ಕೇಳುವುದರ ಜೊತೆಗೆ "ಮೂಲ ವೇತನ ಎಷ್ಟಮ್ಮ? ಒಪ್ಪಂದ ಪೂರ್ತಿ ಓದಿದೆಯಾ? ಪಾಸ್‌ಪೋರ್ಟ್ ನಿನ್ನ ಕೈಯಲ್ಲೇ ಇರುತ್ತದೆಯೇ?" ಎಂದೂ ಕೇಳಬೇಕು. ಇವುಗಳಿಗೆ ಸರಿಯಾದ ಉತ್ತರ ದೊರೆತರೆ ಧೈರ್ಯವಾಗಿ ಹರಸಿ ಕಳಿಸಬಹುದು.

ಜೈ ಜಿನೇಂದ್ರ.