ಶಸ್ತ್ರವೈದ್ಯನ ಪದಕಗಳು: ಒಂದು ಟಿಪ್ಪಣಿ

ಶಾಸನಾಧ್ಯಯನದಲ್ಲಿ ಪಳಗಿದ ನಮಗೆ ವಸಾಹತುಕಾಲದ ಸೇನಾಪದಕವನ್ನು ಒಂದು ಕಿರುಶಾಸನವೆಂದು ಓದುವುದು ಕಷ್ಟವಾಗದು. ಹೆಸರು, ಹುದ್ದೆ, ಕಾಲ, ಕೊಟ್ಟ ಪ್ರಭುತ್ವದ ಲಾಂಛನ ಎಲ್ಲವೂ ಅಲ್ಲಿರುತ್ತವೆ. ಆದರೆ ಅದು ಯಾರನ್ನು ಹೊರಗಿಟ್ಟಿದೆಯೆಂಬುದನ್ನು ಅರಿಯಲು ಗೆಜೆಟ್ ಪ್ರಕಟಣೆಯನ್ನೂ ಪ್ರಶಸ್ತಿಯ ನಿಯಮಗಳನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ. ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಸರ್ಜನ್-ಕ್ಯಾಪ್ಟನ್ ಹ್ಯಾರಿ ವಿಟ್‌ಚರ್ಚ್‌ಗೆ ಸಂದ ಪದಕಗಳು ಇದಕ್ಕೆ ತಕ್ಕ ನಿದರ್ಶನವಾಗಿವೆ.

1895ರ ಮಾರ್ಚ್ 3ರಂದು, ಈಗ ಪಾಕಿಸ್ತಾನದಲ್ಲಿರುವ ಚಿತ್ರಾಲ್ ಕೋಟೆಯಿಂದ ಹೊರಬಿದ್ದು ಹೋರಾಡಿದ ತುಕಡಿಯಲ್ಲಿ ಕ್ಯಾಪ್ಟನ್ ಬೇರ್ಡ್ ಮಾರಣಾಂತಿಕವಾಗಿ ಗಾಯಗೊಂಡರು. ಸ್ಥಳವು ಕೋಟೆಯಿಂದ ಒಂದೂವರೆ ಮೈಲಿ ದೂರ, ಕತ್ತಲೆ ಕವಿದಿತ್ತು, ಶತ್ರುಗಳು ನಡುವೆ ನುಗ್ಗಿದ್ದರು. ವಿಟ್‌ಚರ್ಚ್ ಗಾಯಾಳುವನ್ನು ಡೋಲಿಯಲ್ಲಿ ಮಲಗಿಸಿದರು. ಗೂರ್ಖಾ ಸಿಪಾಯಿಗಳು ಆ ಡೋಲಿಯನ್ನು ಬಿಟ್ಟುಕೊಡಲಿಲ್ಲ. ಅವರಲ್ಲಿ ಮೂವರು ಹತರಾಗಿ ನಾಲ್ಕನೆಯವನು ತೀವ್ರವಾಗಿ ಗಾಯಗೊಂಡ ಬಳಿಕವೇ ವೈದ್ಯರು ಬೇರ್ಡ್‌ರನ್ನು ಬೆನ್ನ ಮೇಲೆ ಹೊತ್ತದ್ದು. ಗೋಡೆಗಳ ಮರೆಯಿಂದ ಗುಂಡು ಹಾರಿಸುತ್ತಿದ್ದವರ ಮೇಲೆ ಎರಗುತ್ತ ಕೋಟೆಯನ್ನು ಸೇರುವಷ್ಟರಲ್ಲಿ ತಂಡದ ಬಹುತೇಕರು ಸತ್ತಿದ್ದರು ಇಲ್ಲವೆ ಗಾಯಗೊಂಡಿದ್ದರು. ಇವೆಲ್ಲವೂ ವಿಟ್‌ಚರ್ಚ್‌ಗೆ ವಿಕ್ಟೋರಿಯಾ ಕ್ರಾಸ್ ಘೋಷಿಸಿದ ಗೆಜೆಟ್ ಪ್ರಕಟಣೆಯಲ್ಲಿಯೇ ಇವೆ. ಸಿಪಾಯಿಗಳ ಹೆಸರುಗಳು ಮಾತ್ರ ಅಲ್ಲಿಲ್ಲ.

ಇದನ್ನು ಬರೆದವರ ಮರೆವೆನ್ನಲಾಗದು. 1856ರಲ್ಲಿ ಸ್ಥಾಪಿತವಾದ ವಿಕ್ಟೋರಿಯಾ ಕ್ರಾಸ್‌ಗೆ ಭಾರತೀಯ ಸೈನಿಕರು ಅರ್ಹರಾದದ್ದು 1911ರಲ್ಲಿ. ಅಲ್ಲಿಯವರೆಗೆ ಅವರ ಪಾಲಿಗಿದ್ದ ಉನ್ನತ ಶೌರ್ಯಪ್ರಶಸ್ತಿಯೆಂದರೆ 1837ರ ಆರ್ಡರ್ ಆಫ್ ಮೆರಿಟ್. ಮೇಲಾಗಿ, ಮಡಿದವರಿಗೆ ಕ್ರಾಸ್ ನೀಡುವ ಪದ್ಧತಿ 1895ರಲ್ಲಿ ಇರಲಿಲ್ಲ. ನಮ್ಮ ವೀರಗಲ್ಲು ಸಾಮಾನ್ಯವಾಗಿ ಮಡಿದವನಿಗೆ ಮೀಸಲು. ಅಂದಿನ ಕ್ರಾಸ್ ಬದುಕಿ ಬಂದವನಿಗೆ.

ಅವರಿಗೆ ಸಂದ ಇನ್ನೊಂದು ಪದಕವು 1896ರಲ್ಲಿ ಸ್ಥಾಪಿತವಾದ ಇಂಡಿಯಾ ಮೆಡಲ್. ಅದರ ಮೇಲೆ 'ಡಿಫೆನ್ಸ್ ಆಫ್ ಚಿತ್ರಾಲ್ 1895' ಎಂಬ ಪಟ್ಟಿ. ಇದು ಶೌರ್ಯಕ್ಕಲ್ಲ, ಮುತ್ತಿಗೆಯಲ್ಲಿ ಪಾಲ್ಗೊಂಡದ್ದಕ್ಕೆ. ಹಿಂಬದಿಯಲ್ಲಿ ಬ್ರಿಟಿಷ್ ಸೈನಿಕನೂ ಭಾರತೀಯ ಸೈನಿಕನೂ ಒಂದೇ ಧ್ವಜವನ್ನು ಹಿಡಿದು ನಿಂತಿದ್ದಾರೆ. ಸೈನಿಕರಿಗೆ ಈ ಪದಕ ಬೆಳ್ಳಿಯದು. ಡೋಲಿ ಹೊರುವವರೇ ಮೊದಲಾದ ಸೇನಾನುಚರರಿಗೆ ಅದೇ ಅಚ್ಚಿನಲ್ಲಿ ಕಂಚಿನದು. ಹಾಗೆಂದು ಲೋಹವೊಂದರಿಂದಲೇ ಮಾನವನ್ನು ಅಳೆಯಹೊರಟರೆ ಎಡವುತ್ತೇವೆ, ಏಕೆಂದರೆ ವಿಕ್ಟೋರಿಯಾ ಕ್ರಾಸ್ ಕೂಡ ಕಂಚಿನದೇ.

ಸಂಗ್ರಹಾಲಯಗಳಲ್ಲಿ ಇಂತಹ ಕಂಚಿನ ಇಂಡಿಯಾ ಮೆಡಲ್ ದೊರೆತಲ್ಲಿ ಮುಖಭಾಗದ ರಾಣಿಯ ಚಿತ್ರಕ್ಕಿಂತ ಮೊದಲು ಅಂಚನ್ನು ಪರಿಶೀಲಿಸುವುದು ಉಚಿತ. ಗೆಜೆಟ್ಟಿನಲ್ಲಿ ಕಾಣದ ಅನುಚರನ ಹೆಸರು, ಅವನ ಕಸುಬಿನೊಡನೆ, ಆ ಕಿರಿದಾದ ಅಂಚಿನಲ್ಲಿ ಕೆತ್ತಿರಬಹುದು.