ಸೋಪಿನ ಬಾಕಿ ತೀರಿಸಲು ಬಂದ ಟೋನರ್

ತೊಳೆದ ಮುಖವನ್ನು ಟೋನರ್ ಹನಿಸಿದ ಹತ್ತಿಯಿಂದ ಒರೆಸಿದರೆ ಹತ್ತಿ ಮಾಸುತ್ತದೆ. ಟೋನರ್ ಬೇಕೇ ಬೇಕು ಎನ್ನುವವರು ತೋರಿಸುವ ದೊಡ್ಡ ಸಾಕ್ಷಿ ಇದು. ಆದರೆ ಈ ಬಾಟಲಿಯ ಹುಟ್ಟಿನಲ್ಲಿ ಮುಖದ ಕೊಳೆಗಿಂತ ಸೋಪಿನ ಕೈವಾಡವೇ ಹೆಚ್ಚು. ಎಣ್ಣೆಗೆ ಕ್ಷಾರ ಬೆರೆಸಿ ಮಾಡುವ ಸೋಪಿನ ಪಿಎಚ್ 9ರಿಂದ 10ರಷ್ಟು. ಚರ್ಮದ್ದು 5ರ ಆಸುಪಾಸು. ಚರ್ಮದ ಈ ಹುಳಿಗುಣವನ್ನು 1928ರಲ್ಲಿ ಜರ್ಮನಿಯ ಶಾಡೆ ಮತ್ತು ಮಾರ್ಕಿಯೊನಿನಿ ‘ಆಮ್ಲದ ಹೊದಿಕೆ’ ಎಂದು ಕರೆದರು. ಸೋಪು ಆ ಹೊದಿಕೆಯನ್ನು ಕದಡುತ್ತದೆ. ಸಾಲದ್ದಕ್ಕೆ ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಕೂಡಿ ಕರಗದ ಜಿಡ್ಡಾಗುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಬಕೆಟ್ಟಿನ ಒಳಮೈಯನ್ನು ಉಗುರಿನಿಂದ ಕೆರೆದರೆ ಉದುರುವ ಬೂದುಬಿಳಿ ಪುಡಿಯಲ್ಲಿ ಅದೂ ಇರುತ್ತದೆ. ಮುಖದ ಮೇಲೂ ತೆಳ್ಳಗೆ ಕೂರುತ್ತದೆ. ಹೀಗೆ ತೊಳೆದದ್ದನ್ನು ಮತ್ತೆ ಒರೆಸುವ ದ್ರವಕ್ಕೆ ಜಾಗ ಸಿಕ್ಕಿತು. 1968ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಕ್ಲಿನಿಕ್ ಎಂಬ ಸೌಂದರ್ಯವರ್ಧಕ ಕಂಪನಿ, ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ ಅವರ ಮಾರ್ಗದರ್ಶನದಲ್ಲಿ ಸೋಪು, ಒರೆಸುವ ಲೋಷನ್, ಮಾಯಿಶ್ಚರೈಸರ್ ಎಂಬ ಮೂರು ಮೆಟ್ಟಿಲು ಕಟ್ಟಿತು.

ತಮಾಷೆಯೆಂದರೆ, ಅಷ್ಟರಲ್ಲಿ ಸೋಪಲ್ಲದ ಸೋಪು ಬಂದಾಗಿತ್ತು. 1957ರಲ್ಲೇ ಅಮೆರಿಕದ ಅಂಗಡಿಗೆ ಬಂದ ಡವ್ ಬಿಲ್ಲೆಯಲ್ಲಿದ್ದದ್ದು ಕ್ಷಾರ ಕಡಿಮೆಯಿರುವ ಸಂಶ್ಲೇಷಿತ ಮಾರ್ಜಕ. ಇಂದಿನ ಬಹುತೇಕ ಫೇಸ್‌ವಾಶ್‌ಗಳೂ ಅದೇ ಜಾತಿ. ಸೋಪಿನ ಬಾಕಿ ತೀರಿದ ಮೇಲೂ ಟೋನರ್ ಮನೆಯಲ್ಲೇ ಉಳಿದದ್ದು ಹೇಗೆ? ಇನ್ನೊಂದು ವಂಶದ ಕೆಲಸ ಹಿಡಿದು. ಟೋಕಿಯೊದ ಶಿಸೇಡೊ ಕಂಪನಿ 1897ರಲ್ಲಿ ಯೂಡರ್ಮಿನ್ ಎಂಬ ಕೆಂಪು ಲೋಷನ್ನು ತಂದಿತ್ತು. ಜಪಾನಿನ ಈ ಪದ್ಧತಿಯಲ್ಲಿ ಒರೆಸುವುದಕ್ಕಿಂತ ಚರ್ಮಕ್ಕೆ ನೀರೂಡಿಸುವುದು ಮುಖ್ಯ. ನಮ್ಮ ಮದುವೆಮನೆಯ ಬಾಗಿಲಲ್ಲಿ ಚಿಮುಕಿಸುವ ಪನ್ನೀರು ಅದರ ದೂರದ ನೆಂಟ. ಈಗಿನ ಗ್ಲಿಸರಿನ್ ಟೋನರ್ ಈ ನೀರೂಡಿಸುವ ವಂಶದ್ದು. ಹೆಸರು ಮಾತ್ರ ಆ ಒರೆಸುವ ವಂಶದ್ದು.

ಹಾಗಾದರೆ ಹತ್ತಿ ಮಾಸುವುದೇಕೆ? ಉಜ್ಜಿದಷ್ಟೂ ಸತ್ತ ಚರ್ಮದ ಕಣಗಳು ಬರುತ್ತವೆ. ಅಷ್ಟರಿಂದಲೇ ಮುಖ ಕೊಳಕೆನ್ನಲಾಗದು. ಪಿಎಚ್ ಸರಿಪಡಿಸಬೇಡವೇ ಎಂದರೆ, ಆರೋಗ್ಯವಂತ ಚರ್ಮ ಕೆಲವು ಗಂಟೆಗಳಲ್ಲಿ ತಾನೇ ಸರಿಪಡಿಸಿಕೊಳ್ಳುತ್ತದೆ. ರಂಧ್ರ ಮುಚ್ಚುತ್ತದೆ ಎಂಬುದಂತೂ ಆಲ್ಕೋಹಾಲ್ ಆರುವಾಗಿನ ತಂಪಿನ ಭ್ರಮೆ. ಬಾಗಿಲಿನಂತೆ ತೆರೆದು ಮುಚ್ಚಲು ರಂಧ್ರಕ್ಕೆ ಸ್ನಾಯುವೇ ಇಲ್ಲ. ಒಂದು ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಕ್ಕೆ ಇಳಿಯುತ್ತದೆ, ಮೊಡವೆಗೆ ನಿಜಕ್ಕೂ ಉಪಯೋಗ. ಆದರೆ ಅದು ಟೋನರ್ ಬಾಟಲಿಯಲ್ಲಿ ಕೂತ ಔಷಧ. ಔಷಧದಂತೆಯೇ ಅಳತೆ ನೋಡಿ ಹಚ್ಚಬೇಕು. ಉಳಿದ ಟೋನರ್‌ಗಳ ನೀರೂಡಿಸುವ ಕೆಲಸವನ್ನು ಒದ್ದೆ ಮುಖಕ್ಕೆ ಹಚ್ಚಿದ ಕ್ರೀಮು ಮಾಡೀತು. ಗಡಸು ನೀರಲ್ಲಿ ಬಿಲ್ಲೆ ಸೋಪಿನಿಂದಲೇ ಮುಖ ತೊಳೆಯುವವರಿಗೆ ಹಳೆಯ ಟೋನರ್‌ನ ವಾದ ಇನ್ನೂ ಅನ್ವಯಿಸುತ್ತದೆ. ಅವರು ಸೋಪು ಬದಲಿಸಿದರೆ ಖರ್ಚು ಕಡಿಮೆ.