ಸುಮ್ಮನೆ ಕೂತಾಗ ಕಂಡ ಹೊಲ

ಮೂವತ್ತು ವರ್ಷದಿಂದ ಅದೇ ಹೊಲ ಉಳುತ್ತಿದ್ದೇನೆ. ಆದ್ರೆ ಅದನ್ನು ಸರಿಯಾಗಿ ನೋಡಿದ್ದು 2016ರಲ್ಲಿ ಅಂದ್ರೆ ನೀವು ನಗಬಹುದು.

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ಮಳೆ ನಂಬಿದ ಮೂರು ಎಕರೆ ಕೆಂಪು ಭೂಮಿ. ಮೊದಲು ಸೂರ್ಯಕಾಂತಿ, ಆಮೇಲೆ ಹುರುಳಿ. ಸೂರ್ಯಕಾಂತಿ ಕೊಯ್ದ ಮೇಲೆ ದಂಟು ಕಿತ್ತು ಸುಡೋದು ಅಪ್ಪನ ಕಾಲದ ರೂಢಿ. ಹೊಲ ಚೊಕ್ಕಟ ಇರಬೇಕು ಅನ್ನೋದೇ ತಲೆಯಲ್ಲಿ.

ಆ ವರ್ಷ ಬರ. ಹುರುಳಿ ಒಣಗಿತು. ಬೋರು ಕೊರೆಸದೆ ಗತಿಯಿಲ್ಲ ಅಂತ ಹೆಂಡತಿಯ ಒಡವೆ ಅಡ ಇಡಲು ಹೊರಟಿದ್ದೆ. ಒಂದು ಬೆಳಿಗ್ಗೆ ಕುಡ್ಲು, ಗುದ್ದಲಿ ಏನೂ ಹಿಡಿಯದೆ ಹೋಗಿ ಬದುವಿನ ಮೇಲೆ ಕೂತೆ. ಮೊದಲಿಗೆ ಬರೀ ಸಾಲ, ರೇಟು, ಪಕ್ಕದ ಹೊಲದವನ ಬೆಳೆ ಇವೇ ಸುತ್ತುತ್ತಿದ್ದವು. ಗಂಟೆ ಕಳೆದ ಮೇಲೆ ಯೋಚನೆಗಳೇ ಸುಸ್ತಾದವು.

ಆಗ ಕಣ್ಣಿಗೆ ಬಿದ್ದದ್ದು, ಸುಡದೆ ಮೂಲೆಯಲ್ಲಿ ಉಳಿದಿದ್ದ ದಂಟಿನ ರಾಶಿ. ಕಾಲಲ್ಲಿ ಸರಿಸಿದೆ. ಅಡಿಯಲ್ಲಿ ಮಣ್ಣು ತಂಪಾಗಿ, ಕೈಗೆ ಅಂಟುವಂತಿತ್ತು. ಒಂದು ಮಾರು ಆಚೆ ಬರೀ ಬೂದಿಯಂಥ ದೂಳು. ಮಳೆ ಎರಡಕ್ಕೂ ಒಂದೇ ಬಿದ್ದಿತ್ತು. ನೀರಿಲ್ಲ ಅಂತ ಅಳುತ್ತಿದ್ದವನು ನಾನು. ಇದ್ದ ನೀರನ್ನು ಬಿಸಿಲಿಗೆ ಕೊಡುತ್ತಿದ್ದವನೂ ನಾನೇ!

ಬೋರಿನ ಯೋಚನೆ ಬಿಟ್ಟೆ. ಮರುವರ್ಷ ಅರ್ಧ ಎಕರೆಯಲ್ಲಿ ಹುರುಳಿ ಸಾಲು ಬಿತ್ತಿ, ನಡುವೆ ದಂಟು ತುಂಡು ಮಾಡಿ ಹಾಸಿದೆ. ಗೆದ್ದಲು ಬಂತು. ಔಷಧಿ ತರಲು ಎದ್ದವನು ಮತ್ತೆ ಕೂತು ನೋಡಿದೆ. ಅವು ತಿನ್ನುತ್ತಿದ್ದದ್ದು ಒಣದಂಟು, ಹಸಿರು ಗಿಡಕ್ಕೆ ಬಾಯಿ ಹಾಕಿರಲಿಲ್ಲ. ಮಳೆ ನಿಂತ ಮೇಲೆ ಹೊದಿಕೆ ಇದ್ದ ಕಡೆ ಗಿಡ ವಾರಕ್ಕೂ ಹೆಚ್ಚು ದಿನ ಹಸಿರಾಗಿ ನಿಂತಿತು.

'ಏನ್ ಮಗ, ಹೊಲಕ್ಕೋಗಿ ಸುಮ್ನೆ ಕೂತಿರ್ತೀಯಂತೆ?' ಅಂತ ಅವ್ವ ಕೇಳಿದ್ದುಂಟು. ಸುಮ್ಮನೆ ಕೂರೋದು ಬೇರೆ, ಕೈಬಿಡೋದು ಬೇರೆ. ಜಪಾನಿನ ಮಸನೊಬು ಫುಕುವೋಕಾ (1913-2008) ಸಸ್ಯರೋಗ ಪರೀಕ್ಷೆಯ ಸರ್ಕಾರಿ ಕೆಲಸ ಬಿಟ್ಟು ಊರಿಗೆ ಬಂದವರು. ತಿಳಿದದ್ದನ್ನೆಲ್ಲ ಬದಿಗಿಟ್ಟು ಪ್ರಕೃತಿ ನೋಡಬೇಕು ಅಂದವರು. ಅವರೂ ಮೊದಲಿಗೆ, ಸವರುತ್ತ ಬೆಳೆಸಿದ್ದ ಅಪ್ಪನ ಕಿತ್ತಳೆ ಮರಗಳನ್ನು ಒಮ್ಮೆಲೇ ಹಾಗೇ ಬಿಟ್ಟು ಕಳೆದುಕೊಂಡರು. 'ಒಂದು ಹುಲ್ಲಿನ ಕ್ರಾಂತಿ' ಎಂದು ಕನ್ನಡಕ್ಕೆ ಬಂದಿರುವ ಪುಸ್ತಕದಲ್ಲಿ ಆ ಸೋಲನ್ನೂ ಬರೆದಿದ್ದಾರೆ. ಅದಕ್ಕೇ ನಾನು ಅರ್ಧ ಎಕರೆಯಿಂದ ಶುರು ಮಾಡಿದ್ದು.

ನೀವೂ ಮಾಡಿ ನೋಡಿ. ವಾರಕ್ಕೊಂದು ಬೆಳಿಗ್ಗೆ ಬರಿಗೈಲಿ ಹೋಗಿ, ಒಂದೇ ಜಾಗದಲ್ಲಿ ಅರ್ಧ ಗಂಟೆ ಕೂರಿ. 'ಇದು ಕಳೆ, ಇದು ಕೀಟ' ಅಂತ ಮೊದಲೇ ಹೆಸರಿಡಬೇಡಿ. ಏನು ತಿನ್ನುತ್ತೆ, ಎಲ್ಲಿ ತೇವ ಇದೆ, ಮಳೆನೀರು ಯಾವ ಕಡೆ ಓಡಿದೆ ಅನ್ನೋದನ್ನಷ್ಟೇ ನೋಡಿ. ಖರ್ಚಂತೂ ಇಲ್ಲ. ನಿಮಗೆ ಕಂಡದ್ದನ್ನು ಪತ್ರಿಕೆಗೆ ಬರೆಯಿರಿ, ನಾವೂ ತಿಳಿಯೋಣ.